ತೋಳ, ಕರಡಿ ಮತ್ತು ನಮ್ಮ ಕಟ್ಟುಕಥೆಗಳು



ಕಳೆದ ವಾರ ಒಂದೇ ದಿನ ನನ್ನ ಮೊಬೈಲಿಗೆ ಎರಡು ಸಂದೇಶಗಳು ಬಂದವು. ಮೊದಲನೆಯದು ಒಂದು ಛಾಯಾಚಿತ್ರ. ಇಳಿಬೆಳಕಿನಲ್ಲಿ ಒಂದು ಕಂದು ಕರಡಿ, ಅದರ ಪಕ್ಕದಲ್ಲಿಯೇ ನಿಂತ ಒಂದು ಬೂದು ತೋಳ. ಕೆಳಗೆ, 'ಮೃಗಗಳಿಗಿರುವ ಸ್ನೇಹ ಮನುಷ್ಯರಿಗೇಕಿಲ್ಲ?' ಎಂಬ ಒಕ್ಕಣೆ. ಎರಡನೆಯದು ನಗಾರಿ ಬಾರಿಸುವ ಹಿನ್ನೆಲೆ ಸಂಗೀತವಿದ್ದ ವಿಡಿಯೋ. ಅದರಲ್ಲಿ ತೋಳಗಳ ತಂಡವೊಂದು ಕರಡಿಯನ್ನು ಸುತ್ತುವರಿದಿದೆ. ಮೇಲೆ ಕೆಂಪಕ್ಷರದಲ್ಲಿ, 'ಕಾಡಿನ ಮಹಾಯುದ್ಧ: ಗೆದ್ದವರು ಯಾರು?' ಮೊದಲನೆಯದನ್ನು ಕಳುಹಿಸಿದವನು ನನ್ನ ಸೋದರಳಿಯ. ಎರಡನೆಯದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಬಂದದ್ದು. 'ಮಾವ, ಇದರ ಮೇಲೊಂದು ಲೇಖನ ಬರೆಯಿರಿ' ಎಂದು ಒಬ್ಬ. 'ಸರ್, ನಿಮ್ಮ ಶೈಲಿಯಲ್ಲಿ ಇದನ್ನು ವರ್ಣಿಸಬೇಕು' ಎಂದು ಇನ್ನೊಬ್ಬ.

ಬರೆಯುತ್ತಿದ್ದೇನೆ. ಆದರೆ ಅವರಿಬ್ಬರಿಗೂ ಇದು ರುಚಿಸಲಾರದು. ಸ್ನೇಹವೆಂದವನೂ ಯುದ್ಧವೆಂದವನೂ ಒಂದೇ ತಪ್ಪನ್ನು ಮಾಡಿದ್ದಾರೆ ಎಂಬುದು ನನ್ನ ವಾದ. ಇಬ್ಬರೂ ತೋಳವನ್ನಾಗಲಿ ಕರಡಿಯನ್ನಾಗಲಿ ನೋಡಲಿಲ್ಲ. ತಮ್ಮ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದ ಕಥೆಗೆ ಆ ಎರಡು ಪ್ರಾಣಿಗಳನ್ನು ಪಾತ್ರಧಾರಿಗಳನ್ನಾಗಿ ಹಿಡಿದು ತಂದರು. ಇಷ್ಟು ಕಟುವಾಗಿ ಹೇಳುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಕೇಳುವಿರಾ? ಆ ತಪ್ಪನ್ನು ನಾನು ಎರಡು ಬಾರಿ ಮಾಡಿದ್ದೇನೆ, ಅದೂ ಒಬ್ಬನೇ ವಿದ್ಯಾರ್ಥಿಯ ಮುಂದೆ. ಆ ಅನುಭವವೇ ನನ್ನ ಅಧಿಕಾರ.

ಮೊದಲನೆಯ ಸಲ ನಡೆದದ್ದು 1991ರಲ್ಲಿ. ಆಗ ನಾನು ಕೊಪ್ಪಳದ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಸುತ್ತಲೂ ಬಂಡೆಗುಡ್ಡಗಳು, ಕುರುಚಲು, ಎರೆಹೊಲ. ಪಾಠದ ನಡುವೆ ಎಲ್ಲಿಯೋ ಕಾಡುಪ್ರಾಣಿಗಳ ಮಾತು ಬಂತು. ಎರಡು ಕ್ರೂರ ಮೃಗಗಳು ಎದುರುಬದುರಾದರೆ ಕಾದಾಟ ನಿಶ್ಚಿತ ಎಂದು ನಾನು ಗಂಭೀರವಾಗಿ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತ. ಕುರಿ ಕಾಯುವ ಮನೆಯವನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತೇ ಹೆಚ್ಚು. ಗುಡ್ಡದ ಕಾಲುದಾರಿಯಲ್ಲಿ ತೋಳ ಮತ್ತು ಕರಡಿ ಎದುರಾದುದನ್ನು ತಾನೂ ತನ್ನ ತಂದೆಯೂ ನೋಡಿದ್ದೇವೆ, ಅವು ಕಾದಾಡಲಿಲ್ಲ ಎಂದ. ಮತ್ತೇನು ಮಾಡಿದವು ಎಂದು ಕೇಳಿದೆ. 'ಏನ್ ಮಾಡ್ತಾವ್ರೀ ಸರ, ನೋಡಿದ್ವು, ಹೊಂಟ್ ಹೋದ್ವು. ಅದರ ಹೊಟ್ಟಿ ಬ್ಯಾರೆ, ಇದರ ಹೊಟ್ಟಿ ಬ್ಯಾರೆ' ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. 'ಕಟ್ಟುಕಥೆ ಸಾಕು, ಕುಳಿತುಕೋ' ಎಂದೆ. ಅವನು ಕುಳಿತುಕೊಂಡ. ಕಣ್ಣಾರೆ ಕಂಡವನನ್ನು ಕಾಣದವನು ಕೂರಿಸಿದ ಪ್ರಸಂಗವದು. ಶಿಕ್ಷಕವೃತ್ತಿಯಲ್ಲಿ ಇಂತಹ ಪ್ರಸಂಗಗಳು ನಾವು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು.

ಎರಡನೆಯ ಸಲ 2015ರಲ್ಲಿ. ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನನ್ನನ್ನು ಮಾತನಾಡಲು ಕರೆದಿದ್ದರು. ಅಷ್ಟರಲ್ಲಿ ಮೇಲೆ ಹೇಳಿದ ಚಿತ್ರ ಊರೂರು ತಿರುಗುತ್ತಿತ್ತು. ನಾನು ಅದನ್ನೇ ಭಾಷಣದ ಮುಕ್ತಾಯಕ್ಕೆ ಇಟ್ಟುಕೊಂಡೆ. ತೋಳ ಕರಡಿಗಳೇ ಹಗೆ ಮರೆತು ಒಂದೇ ಎಲೆಯಲ್ಲಿ ಉಣ್ಣುವಾಗ ಮನುಷ್ಯರಾದ ನಾವು ಜಾತಿ ಮತಗಳ ಹೆಸರಿನಲ್ಲಿ ಹೊಡೆದಾಡುವುದೇ ಎಂದು ಕೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಊಟದ ಪಂಕ್ತಿಯಲ್ಲಿ ಅದೇ ಹುಡುಗ, ಈಗ ನಲವತ್ತರ ಸಮೀಪದ ಗೃಹಸ್ಥ, ನನ್ನ ಪಕ್ಕದಲ್ಲಿ ಬಂದು ಕುಳಿತ. ತುಂಬಾ ಮೆಲ್ಲಗೆ, ಗೌರವದಿಂದಲೇ ಕೇಳಿದ: 'ಸರ, ಆ ಫೋಟೋದಾಗ ಅವೆರಡೂ ತಿನ್ನೋ ಮಾಂಸ ಅಲ್ಲಿ ಇಟ್ಟವರ‍್ಯಾರು?'

ನನ್ನಲ್ಲಿ ಉತ್ತರವಿರಲಿಲ್ಲ. ಪಾಯಸ ಬಡಿಸುವವರು ಬಂದರು. ಮಾತು ಬೇರೆಡೆಗೆ ಹೋಯಿತು. ಆದರೆ ಪ್ರಶ್ನೆ ಹೋಗಲಿಲ್ಲ.

ಮನೆಗೆ ಬಂದು ಹುಡುಕಿದೆ. ಆ ಚಿತ್ರಗಳನ್ನು ತೆಗೆದವರು ಫಿನ್ಲೆಂಡಿನ ಛಾಯಾಗ್ರಾಹಕ ಲಾಸ್ಸಿ ರೌತಿಯೈನೆನ್, ತೆಗೆದದ್ದು 2013ರಲ್ಲಿ. ಒಂದು ಗಂಡು ಕರಡಿ ಹಾಗೂ ಒಂದು ಹೆಣ್ಣು ತೋಳ ಸುಮಾರು ಹತ್ತು ದಿನಗಳ ಕಾಲ ರಾತ್ರಿಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡು ಆಹಾರ ಹಂಚಿಕೊಂಡವೆಂದು ಅವರು ದಾಖಲಿಸಿದ್ದಾರೆ. ಚಿತ್ರ ನಿಜ, ಘಟನೆಯೂ ನಿಜ. ಅದು ಅತ್ಯಂತ ಅಪರೂಪದ ನೋಟವೆಂಬುದರಲ್ಲಿಯೂ ಸಂಶಯವಿಲ್ಲ. ಆದರೆ ರಷ್ಯಾದ ಗಡಿಗೆ ಹೊಂದಿಕೊಂಡ ಫಿನ್ಲೆಂಡಿನ ಆ ಪೂರ್ವಭಾಗದಲ್ಲಿ ಕಾಡಂಚಿನ ಬಯಲಿನಲ್ಲಿ ಮರದ ಅಡಗುಗುಡಿಸಲುಗಳನ್ನು ಕಟ್ಟಿ, ಮುಂದೆ ಮಾಂಸವನ್ನಿಟ್ಟು, ಬರುವ ಕರಡಿ ತೋಳಗಳನ್ನು ಪ್ರವಾಸಿಗರಿಗೂ ಛಾಯಾಗ್ರಾಹಕರಿಗೂ ತೋರಿಸುವುದು ಒಂದು ರೂಢಿ; ಹಲವರಿಗೆ ಜೀವನೋಪಾಯ. ಅಲ್ಲಿಗೆ ಆಹಾರ ಮತ್ತೆ ಮತ್ತೆ ಬರುತ್ತದೆ, ಬೇಟೆಯ ಶ್ರಮವಿಲ್ಲದೆ ಬರುತ್ತದೆ. ಅಂತಹ ನೆಲದಲ್ಲಿ ಎರಡು ಮೃಗಗಳು ಒಂದನ್ನೊಂದು ಸಹಿಸಿಕೊಳ್ಳುವುದನ್ನು ಕಂಡು 'ಕಾಡಿನಲ್ಲಿ ಸ್ನೇಹವಿದೆ' ಎಂದು ತೀರ್ಮಾನಿಸುವುದು, ಮದುವೆಮನೆಯ ಪಂಕ್ತಿಯನ್ನು ಕಂಡು 'ಈ ಊರಿನಲ್ಲಿ ಹಸಿವೇ ಇಲ್ಲ' ಎಂದಂತೆ. ಕುರಿ ಕಾಯ್ದವನಿಗೆ ಆ ಚಿತ್ರ ಕಂಡೊಡನೆ ಹೊಳೆದ ಪ್ರಶ್ನೆ, ಬಿ.ಎಡ್. ಮಾಡಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ಹೊಳೆಯಲಿಲ್ಲ.

ಹಾಗಾದರೆ ಯಾರೂ ಮಾಂಸವಿಡದ ಕಡೆ ಈ ಎರಡು ಪ್ರಾಣಿಗಳು ಎದುರಾದಾಗ ಏನಾಗುತ್ತದೆ? ಇದನ್ನು ಬಹಳ ವರ್ಷಗಳಿಂದ ತಾಳ್ಮೆಯಿಂದ ನೋಡಿ ಬರೆದಿಟ್ಟ ಒಂದು ಸ್ಥಳವಿದೆ. ಅದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ. 1872ರಲ್ಲಿ ಸ್ಥಾಪಿತವಾದ, ಸುಮಾರು 9,000 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನಲ್ಲಿ ತೋಳಗಳನ್ನು ದುಷ್ಟ ಜಂತುಗಳೆಂದು ಸರ್ಕಾರವೇ ಕೊಲ್ಲಿಸಿ, 1926ರ ಹೊತ್ತಿಗೆ ನಿರ್ಮೂಲಗೊಳಿಸಿತ್ತು. ಸುಮಾರು ಎಪ್ಪತ್ತು ವರ್ಷಗಳ ನಂತರ ಅದೇ ಸರ್ಕಾರ ಕೆನಡಾದಿಂದ 1995ರಲ್ಲಿ 14, 1996ರಲ್ಲಿ 17, ಒಟ್ಟು 31 ತೋಳಗಳನ್ನು ತಂದು ಬಿಟ್ಟಿತು. ಅಲ್ಲಿ ಗ್ರಿಜ್ಲಿ ಕರಡಿಗಳು ಮೊದಲೇ ಇದ್ದವು. ಉದ್ಯಾನದ ಈಶಾನ್ಯದ ಲಮಾರ್ ಕಣಿವೆ ಮರಗಳಿಲ್ಲದ ವಿಶಾಲ ಹುಲ್ಲುಬಯಲು. ಅದರ ನಡುವೆ ಒಂದು ರಸ್ತೆ. ರಸ್ತೆಯ ಬದಿಯಲ್ಲಿ ದೂರದರ್ಶಕವಿಟ್ಟು ನಿಂತರೆ ಒಂದೆರಡು ಕಿಲೋಮೀಟರ್ ಆಚೆ ನಡೆಯುವುದನ್ನು ಪ್ರಾಣಿಗಳಿಗೆ ತೊಂದರೆಯಾಗದಂತೆ ನೋಡಬಹುದು.

2018ರ ಮೇ ತಿಂಗಳ ಕೊನೆಯಲ್ಲಿ ಮಗಳ ಸಂಸಾರದೊಡನೆ ನಾನು ಅಲ್ಲಿಗೆ ಹೋಗಿದ್ದೆ. ನಮ್ಮ ಹುಡುಗನ ಪ್ರಶ್ನೆ ನನ್ನ ಜೊತೆಯಲ್ಲಿಯೇ ಇತ್ತು.

ಬೆಳಗಿನ ಆರು ಗಂಟೆಗೂ ಮೊದಲೇ ಹತ್ತು ಹನ್ನೆರಡು ಮಂದಿ ರಸ್ತೆಯಂಚಿನಲ್ಲಿ ನಿಂತಿದ್ದರು. ಮೇ ತಿಂಗಳಾದರೂ ಕೈಬೆರಳು ಸೆಟೆಯುವ ಚಳಿ. ನನಗಿಂತ ಹಿರಿಯರಾದ ಒಬ್ಬ ಸಜ್ಜನರು ತಮ್ಮ ದೂರದರ್ಶಕವನ್ನು ಬಿಟ್ಟುಕೊಟ್ಟರು. ನದಿಯ ಆಚೆ ದಂಡೆಯಲ್ಲಿ ಒಂದು ಎಲ್ಕ್ ಜಿಂಕೆಯ ಕಳೇಬರ. ಅದರ ಮೇಲೆ ಎದೆಯೂರಿ ಮಲಗಿದ ಒಂದು ಗ್ರಿಜ್ಲಿ. ಸುತ್ತ ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ ನಾಲ್ಕು ತೋಳಗಳು, ಎರಡು ಬೂದು, ಎರಡು ಕಪ್ಪು. ಅವೂ ಮಲಗಿದ್ದವು. ರಾತ್ರಿ ಬೇಟೆಯಾಡಿದ್ದು ತೋಳಗಳು. ನಸುಕಿನಲ್ಲಿ ಬಂದು ಸ್ವಾಧೀನಪಡಿಸಿಕೊಂಡದ್ದು ಕರಡಿ ಎಂದು ಆ ಹಿರಿಯರು ಹೇಳಿದರು. ಸ್ವಲ್ಪ ಹೊತ್ತಿಗೆ ಒಂದು ತೋಳ ಎದ್ದು, ಹಿಂದಿನಿಂದ ಹೋಗಿ, ಕರಡಿಯ ಹಿಂಗಾಲಿನ ಬಳಿ ಮೂತಿ ಚಾಚಿತು. ಕರಡಿ ಸರಕ್ಕನೆ ತಿರುಗಿತು. ತೋಳ ನಾಲ್ಕು ಹೆಜ್ಜೆ ಹಾರಿತು. ಅಷ್ಟರಲ್ಲಿ ಇನ್ನೊಂದು ತೋಳ ಈ ಕಡೆಯಿಂದ ಒಂದು ತುಂಡನ್ನು ಎಳೆದುಕೊಂಡು ಓಡಿತು. ಮತ್ತೆ ಎಲ್ಲರೂ ಮಲಗಿದರು. ಕಾಗೆಗಳು ಮಾತ್ರ ಕುಪ್ಪಳಿಸುತ್ತಿದ್ದವು. ಮೂರು ಗಂಟೆಗಳ ಅವಧಿಯಲ್ಲಿ ಇಂತಹದು ಐದಾರು ಬಾರಿ ನಡೆದಿರಬೇಕು. ರಕ್ತವಿಲ್ಲ, ಆರ್ಭಟವಿಲ್ಲ, ಆಲಿಂಗನವೂ ಇಲ್ಲ.

ಒಂಬತ್ತು ವರ್ಷದ ನನ್ನ ಮೊಮ್ಮಗ, 'ತಾತಾ, ಏನೂ ಆಗ್ತಾನೇ ಇಲ್ವಲ್ಲ' ಎಂದ. ಅಳಿಯಂದಿರು ಮೊಬೈಲಿನಲ್ಲಿ ಹಿಡಿಯಲು ನೋಡಿ, 'ಏನೂ ಸಿಗಲಿಲ್ಲ ಮಾವ, ಹೊರಡೋಣ್ವಾ?' ಎಂದರು. ಆ ಹಿರಿಯರ ಕೈಯಲ್ಲಿ ಒಂದು ಪುಟ್ಟ ಪುಸ್ತಕವಿತ್ತು. ನಾನು ಇಣುಕಿ ನೋಡಿದೆ. ಗಂಟೆ, ನಿಮಿಷ, ಅದರ ಮುಂದೆ ಒಂದೊಂದು ಸಾಲು: ಕರಡಿ ಮಲಗಿದೆ, ಬೂದು ತೋಳ ಎದ್ದಿತು, ಬೂದು ತೋಳ ಮಲಗಿತು. ನಾವು 'ಏನೂ ಆಗಲಿಲ್ಲ' ಎಂದ ಮೂರು ಗಂಟೆ ಅವರ ಪುಸ್ತಕದಲ್ಲಿ ಎರಡು ಪುಟ ತುಂಬಿತ್ತು.

ಆ ಎರಡು ಪುಟಗಳಲ್ಲಿ ಇದ್ದುದೇನು ಎಂಬುದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ತರಗತಿಯಲ್ಲಿ ಕೂತಂತೆ ಕೇಳಿ. ಗ್ರಿಜ್ಲಿ ಗಂಡು ಕರಡಿ 90ರಿಂದ 320 ಕಿಲೋ ತೂಗಬಲ್ಲದು. ಅಲ್ಲಿಯ ತೋಳದ ತೂಕ 36ರಿಂದ 59 ಕಿಲೋ. ತೋಳ ಮೈಮೇಲೆ ಬಿದ್ದು ಕರಡಿಯನ್ನು ಕೊಲ್ಲಹೋಗುವುದು ಮೂರ್ಖತನ. ಒಂದೇ ಏಟಿಗೆ ದವಡೆ ಮುರಿದರೆ ಆ ತೋಳ ಉಪವಾಸ ಸಾಯಬೇಕು. ಹಾಗೆಯೇ ಓಡುವ ತೋಳವನ್ನು ಕರಡಿ ಅಟ್ಟಿಕೊಂಡು ಹೋದರೆ, ಬಿಟ್ಟುಹೋದ ಮಾಂಸ ಉಳಿದ ತೋಳಗಳ ಪಾಲು. ಆದ್ದರಿಂದ ಎರಡೂ ಲೆಕ್ಕ ಹಾಕುತ್ತವೆ. ಯೆಲ್ಲೋಸ್ಟೋನಿನ ಪೆಲಿಕನ್ ಕಣಿವೆಯಲ್ಲಿ ಕರಡಿಗಳು ಎಚ್ಚರವಾಗಿರುವ ತಿಂಗಳುಗಳಲ್ಲಿ ತೋಳಗಳ ಬೇಟೆ ಬಹುತೇಕ ಕರಡಿಗಳ ಪಾಲಾಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಆದರೆ ಅದೇ ಕರಡಿ ತೋಳಗಳ ಮರಿಗಳಿರುವ ಗವಿಯ ಹತ್ತಿರ ಸುಳಿದರೆ ಆಟದ ನಿಯಮವೇ ಬದಲಾಗುತ್ತದೆ. ಅಲ್ಲಿ ತೋಳಗಳು ಹಿಂಜರಿಯುವುದಿಲ್ಲ. ಹಿಂದೆಯೂ ಮುಂದೆಯೂ ಕಾಡಿ ಕರಡಿಯನ್ನು ಅಟ್ಟುತ್ತವೆ. ಮರಿಗಳನ್ನು ಕಟ್ಟಿಕೊಂಡ ತಾಯಿಕರಡಿಯ ಲೆಕ್ಕ ಇನ್ನೂ ಬೇರೆ. ಉದ್ಯಾನದ ಕರಡಿತಜ್ಞ ಕೆರಿ ಗುಂಥರ್ ಮತ್ತು ತೋಳತಜ್ಞ ಡಗ್ಲಸ್ ಸ್ಮಿತ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇಂತಹ ತಾಯಂದಿರು ತೋಳಗಳಿಗೆ ಎದುರಾದ ಪ್ರಸಂಗಗಳನ್ನೇ ಕುರಿತದ್ದು. ಹೆಣದ ಬಳಿ ಗೆಲ್ಲುವ ಕರಡಿ ಗವಿಯ ಬಳಿ ಸೋಲುತ್ತದೆ. ಹೀಗಿರುವಾಗ 'ಗೆದ್ದವರು ಯಾರು?' ಎಂಬ ಪ್ರಶ್ನೆಗೆ ಅರ್ಥವೇನು? ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ, ಯಾರ ಹಿಂದೆ ಮರಿಗಳಿದ್ದವು ಎಂದು ಕೇಳದವನಿಗೆ ಉತ್ತರ ಕೇಳುವ ಹಕ್ಕಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಕರಡಿ ಕಸಿದುಕೊಂಡರೆ ತೋಳ ಹೆಚ್ಚು ಬೇಟೆಯಾಡಬೇಕು ಎಂದು ನೀವೂ ನಾನೂ ಊಹಿಸುತ್ತೇವೆ. ಬಹುಕಾಲ ಬಲ್ಲವರೂ ಹಾಗೆಯೇ ಊಹಿಸಿದ್ದರು. ಏಮೀ ಟಾಲಿಯನ್ ಮತ್ತು ಸಂಗಡಿಗರು ಯೆಲ್ಲೋಸ್ಟೋನ್ ಹಾಗೂ ಸ್ಕ್ಯಾಂಡಿನೇವಿಯಾ ಎರಡೂ ಕಡೆಯ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ವಿರುದ್ಧವಾದುದನ್ನು ತೋರಿಸಿತು: ಕರಡಿಗಳಿದ್ದಲ್ಲಿ ತೋಳಗಳು ಬೇಟೆಯಾಡುವ ಪ್ರಮಾಣ ಕಡಿಮೆ. ಕರಡಿ ಎದ್ದುಹೋಗುವವರೆಗೆ ತೋಳಗಳು ಹೆಣದ ಹತ್ತಿರವೇ ಕಾಯುತ್ತ ಉಳಿಯುವುದು ಇದಕ್ಕೆ ಒಂದು ಕಾರಣವಿರಬಹುದೆಂದು ಅವರ ವಿವರಣೆ. ನನ್ನ ಮೊಮ್ಮಗನಿಗೆ ಬೇಸರ ತರಿಸಿದ ಆ ಮಲಗುವಿಕೆಯೇ, ಆ ಕಾಯುವಿಕೆಯೇ, ಇಡೀ ಸಂಬಂಧದ ತಿರುಳಾಗಿತ್ತು! ನಗಾರಿಯ ವಿಡಿಯೋ ಮಾಡಿದವನು ಮೊದಲು ಕತ್ತರಿಸಿ ಎಸೆದದ್ದು ಅದನ್ನೇ. ಮೂರು ಗಂಟೆಯಲ್ಲಿ ಇಪ್ಪತ್ತು ಸೆಕೆಂಡಿನ ತಿರುಗಾಟವನ್ನು ಉಳಿಸಿಕೊಂಡು ಅದಕ್ಕೆ 'ಮಹಾಯುದ್ಧ' ಎಂದು ಹೆಸರಿಟ್ಟ. ಒಬ್ಬ ಮನುಷ್ಯ ದಿನಕ್ಕೊಮ್ಮೆ ಸೀನುವುದನ್ನು ಮಾತ್ರ ಚಿತ್ರೀಕರಿಸಿ, 'ಇವನ ಬದುಕೆಲ್ಲ ಸೀನು' ಎಂದರೆ ಒಪ್ಪುವಿರಾ?

ಇಲ್ಲಿ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. 'ಮೇಷ್ಟ್ರೇ, ನೀವೇ ಅಲ್ಲವೇ ನಮಗೆ ಪಂಚತಂತ್ರ ಹೇಳಿದ್ದು? ಪ್ರಾಣಿಗಳ ಕಥೆಯಿಂದ ನೀತಿ ಕಲಿಯುವುದು ತಪ್ಪೇ?' ತಪ್ಪಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದಾನೆ. ಆ ಪರಂಪರೆಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಕಥೆಯ ನರಿ ರಾಜನೀತಿ ಮಾತನಾಡುವಾಗ ಕೇಳುವ ಮಗುವಿಗೂ ಅದು ನರಿಯ ವೇಷದ ಮನುಷ್ಯನೆಂದು ತಿಳಿದಿರುತ್ತದೆ. ಕಥೆಗಾರ ಮೋಸ ಮಾಡುವುದಿಲ್ಲ. ಛಾಯಾಚಿತ್ರಕ್ಕೆ ಒಕ್ಕಣೆ ಬರೆಯುವವನು ಮಾತ್ರ 'ಇದು ಕಥೆಯಲ್ಲ, ಕಣ್ಣಾರೆ ಕಂಡ ಸತ್ಯ' ಎಂದು ಪ್ರಮಾಣ ಮಾಡುತ್ತಾನೆ. ನನ್ನ ವಿರೋಧ ಆ ಪ್ರಮಾಣಕ್ಕೆ.

ಕಾಡನ್ನು ನೋಡಿ ಕಥೆ ಹೇಳುವುದನ್ನೂ ನಾನು ವಿರೋಧಿಸುವುದಿಲ್ಲ. ಯೆಲ್ಲೋಸ್ಟೋನಿನ ರಿಕ್ ಮ್ಯಾಕಿಂಟೈರ್ ಎಂಬವರು ತೋಳಗಳ ಬಗ್ಗೆ ಭಾವಪೂರ್ಣವಾಗಿಯೇ ಬರೆದಿದ್ದಾರೆ. 2019ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಎಂಟನೆಯ ಸಂಖ್ಯೆಯ ಒಂದು ತೋಳವೇ ನಾಯಕ. ಅಣ್ಣತಮ್ಮಂದಿರಲ್ಲೆಲ್ಲ ಸಣ್ಣದಾದ ಅದು ಗ್ರಿಜ್ಲಿಯೆದುರು ತಿರುಗಿ ನಿಂತ ಪ್ರಸಂಗ ಯಾರಿಗಾದರೂ ರೋಮಾಂಚನ ತರುತ್ತದೆ. ಆದರೆ ಆ ಮನುಷ್ಯ ಹದಿನೈದು ವರ್ಷಕ್ಕೂ ಹೆಚ್ಚು ಕಾಲ, ಹಿಮವಿರಲಿ ಮಳೆಯಿರಲಿ, ಒಂದು ದಿನವೂ ತಪ್ಪಿಸದೆ ನಸುಕಿನಲ್ಲಿ ಹೋಗಿ ನೋಡಿ, ನೋಡಿದ್ದನ್ನು ಬರೆದಿಟ್ಟವರು. ಅವರು 'ಧೈರ್ಯ' ಎಂಬ ಪದವನ್ನು ಬಳಸಿದರೆ ಅದರ ಹಿಂದೆ ಸಾವಿರಾರು ಬೆಳಗುಗಳಿವೆ. ನನ್ನ ಭಾಷಣದ 'ಸ್ನೇಹ' ಎಂಬ ಪದದ ಹಿಂದೆ ಏನಿತ್ತು? ಮೊಬೈಲ್ ಪರದೆಯ ಮೇಲೆ ಹೆಬ್ಬೆರಳಿನ ಒಂದು ತಳ್ಳು.

'ಇರಲಿ ಸರ್, ಸುಳ್ಳಿನಿಂದಲಾದರೂ ಜನರಿಗೆ ಪ್ರಾಣಿಗಳ ಮೇಲೆ ಪ್ರೀತಿ ಹುಟ್ಟಿದರೆ ಒಳ್ಳೆಯದಲ್ಲವೇ?' ಇದು ಎರಡನೆಯ ಆಕ್ಷೇಪ, ಮತ್ತು ಇದೇ ಪ್ರಬಲವಾದದ್ದು. ಇದಕ್ಕೆ ಎರಡು ಉತ್ತರಗಳಿವೆ.

ಒಂದು: ಆ ಪ್ರೀತಿ ಷರತ್ತಿನದು. ಕರಡಿಯ ಗೆಳೆಯನೆಂದು ತೋಳವನ್ನು ಮೆಚ್ಚಿದವನು, ಅದು ಕುರಿಮರಿಯನ್ನು ಎತ್ತಿಕೊಂಡು ಹೋದ ದಿನ ಅದನ್ನು ದ್ರೋಹಿಯೆನ್ನುತ್ತಾನೆ. 1926ಕ್ಕೆ ಮುಂಚೆ ಯೆಲ್ಲೋಸ್ಟೋನಿನಲ್ಲಿ ತೋಳಗಳನ್ನು ಕೊಲ್ಲಿಸಿದ್ದೂ ಇದೇ ಮನೋಭಾವ. ಮೃಗಕ್ಕೆ ಮನುಷ್ಯನ ಸದ್ಗುಣವನ್ನು ಹೊರಿಸುವವನು ನಾಳೆ ಮನುಷ್ಯನ ದುರ್ಗುಣವನ್ನೂ ಹೊರಿಸುತ್ತಾನೆ. ತೋಳಕ್ಕೆ ಬೇಕಾದದ್ದು ನಮ್ಮ ಪ್ರಶಸ್ತಿಪತ್ರವಲ್ಲ, ಒಂದಿಷ್ಟು ಜಾಗ.

ಎರಡು: ಕಥೆಯ ಹಸಿವು ಕಥೆಯಲ್ಲಿಯೇ ನಿಲ್ಲುವುದಿಲ್ಲ, ಕಾಡಿಗೆ ಇಳಿಯುತ್ತದೆ. 'ಏನಾದರೂ ಆಗಬೇಕು' ಎಂದು ಹಣ ತೆತ್ತು ಬಂದವನಿಗಾಗಿ ಏನಾದರೂ ಆಗಿಸುವವರು ಹುಟ್ಟಿಕೊಳ್ಳುತ್ತಾರೆ. ಯೆಲ್ಲೋಸ್ಟೋನ್ ಕೂಡ ಇದರಿಂದ ಹೊರತಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಹೋಟೆಲುಗಳ ಎಂಜಲನ್ನು ಸುರಿಯುವ ತಾಣಗಳ ಮುಂದೆ ಸಾಲುಸಾಲು ಆಸನಗಳನ್ನು ಕಟ್ಟಿ, ಸಂಜೆ ಕರಡಿಗಳು ಬಂದು ಎಂಜಲು ತಿನ್ನುವುದನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದರು. ಕಾರಿನ ಕಿಟಕಿಯಿಂದ ಕರಡಿಗೆ ತಿಂಡಿ ಕೊಡುವುದು ಒಂದು ಮೋಜಾಗಿತ್ತು. ಫಲ? 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಮಂದಿ ಕರಡಿಗಳಿಂದ ಗಾಯಗೊಂಡರು. ಆಸನಗಳ ಪ್ರದರ್ಶನ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತಿತು. ಎಂಜಲು ತಾಣಗಳನ್ನು 1970ರ ಹೊತ್ತಿಗೆ ಮುಚ್ಚಿದರು. ತಲೆಮಾರುಗಳಿಂದ ಅದನ್ನೇ ನಂಬಿ ಬೆಳೆದ ಗ್ರಿಜ್ಲಿಗಳು ಆಹಾರ ಹುಡುಕಿಕೊಂಡು ಜನರಿದ್ದೆಡೆಗೆ ನುಗ್ಗಿದವು, ಅದಕ್ಕಾಗಿ ಕೊಲ್ಲಲ್ಪಟ್ಟವು. 1975ರಲ್ಲಿ ಗ್ರಿಜ್ಲಿಯನ್ನು ಅಪಾಯದಂಚಿನ ಪ್ರಾಣಿಯೆಂದು ಘೋಷಿಸಬೇಕಾಯಿತು. ನೋಡಿ, ಕರಡಿಗೆ ಎಂಜಲು ಹಾಕಿದ ಕೈಗಳಲ್ಲಿ ದ್ವೇಷವಿರಲಿಲ್ಲ, ಅಕ್ಕರೆಯೇ ಇತ್ತು. ಅಕ್ಕರೆಯ ಬೆಲೆಯನ್ನು ಕರಡಿ ತೆತ್ತಿತು.

ಇಂದು ಅಲ್ಲಿ ಕರಡಿ ಮತ್ತು ತೋಳಗಳಿಂದ ಕನಿಷ್ಠ 91 ಮೀಟರ್ ದೂರವಿರಬೇಕೆಂಬುದು ಕಾನೂನು. ಆಹಾರ ಹಾಕುವುದು ಅಪರಾಧ. ಇಷ್ಟಿದ್ದರೂ ನೋಡುವುದು ಸಂಪೂರ್ಣ ನಿರಪಾಯವೆಂದು ನಾನು ಹೇಳಲಾರೆ. ರಸ್ತೆಯಂಚಿನ ಜನರನ್ನು ದಿನವೂ ಕಂಡು ಕಂಡು ಅಲ್ಲಿಯ ತೋಳಗಳಿಗೆ ಮನುಷ್ಯನ ಭಯ ಕಡಿಮೆಯಾಗಿದೆ. ಉದ್ಯಾನದ ಗಡಿ ದಾಟಿದೊಡನೆ ಬೇಟೆಗೆ ಅನುಮತಿಯಿದೆ. 2021-22ರ ಬೇಟೆ ಋತುವೊಂದರಲ್ಲಿಯೇ ಯೆಲ್ಲೋಸ್ಟೋನಿನ 25 ತೋಳಗಳು ಹಾಗೆ ಸತ್ತವು. ದೂರದರ್ಶಕ ಹಿಡಿದವನಿಗೂ ಬಂದೂಕು ಹಿಡಿದವನಿಗೂ ಇರುವ ವ್ಯತ್ಯಾಸ ತೋಳಕ್ಕೆ ಹೇಗೆ ತಿಳಿಯಬೇಕು? ನಾನೂ ಅಲ್ಲಿ ನಿಂತವರಲ್ಲಿ ಒಬ್ಬನಾದ್ದರಿಂದ ಆ ಲೆಕ್ಕದಲ್ಲಿ ನನ್ನದೂ ಒಂದು ಪಾಲಿದೆಯೆಂದು ಒಪ್ಪುತ್ತೇನೆ. ನಿಯಮ ಪಾಲಿಸಿ, ದೂರ ನಿಂತು, ಏನನ್ನೂ ಕೊಡದೆ, ಏನನ್ನೂ ಬೇಡದೆ ನೋಡುವುದಕ್ಕೇ ಇಷ್ಟು ಬೆಲೆಯಿರುವಾಗ, ಮಾಂಸವಿಟ್ಟು ಕರೆದು ನೋಡುವುದರ ಬೆಲೆ ಎಷ್ಟಿದ್ದೀತು!

ಪರದೇಶದವರನ್ನು ಬೈದು ನಾವು ಸುಮ್ಮನೆ ಕೂರುವಂತಿಲ್ಲ. ನಮ್ಮ ದರೋಜಿ ಕರಡಿಧಾಮ 1994ರಲ್ಲಿ ಸ್ಥಾಪನೆಯಾಯಿತು. ಗಣಿ, ಕಲ್ಲುಕ್ವಾರಿ, ಬೇಸಾಯಗಳ ನಡುವೆ ಸಿಕ್ಕಿದ ಆ ಬಂಡೆಗುಡ್ಡಗಳನ್ನು ಉಳಿಸಿದವರಿಗೆ ನಾವು ಋಣಿಗಳು. ಈ ಮಾತನ್ನು ಮನಃಪೂರ್ವಕವಾಗಿ ಹೇಳುತ್ತೇನೆ. ಆದರೆ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದು, ಮಧ್ಯಾಹ್ನ ಕರಡಿಗಳು ಇಳಿದುಬಂದು ನೆಕ್ಕುವುದನ್ನು ಎದುರಿನ ಗೋಪುರದಿಂದ ತೋರಿಸುವ ಪದ್ಧತಿ ಅಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಲ್ಲಿ ನಿಂತು ಸಂತೋಷಪಟ್ಟವರಲ್ಲಿ ನಾನೂ ಒಬ್ಬ; ಶಾಲಾಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದವನೂ ಹೌದು. ಇಂದು ಕೇಳಿಕೊಳ್ಳುತ್ತೇನೆ: ಆ ಮಕ್ಕಳಿಗೆ ನಾನು ತೋರಿಸಿದ್ದು ಕರಡಿಯನ್ನೋ ಬೆಲ್ಲವನ್ನೋ? ಮೇಲಿನ ಎರಡು ಮುಂಬಲ್ಲುಗಳಿಲ್ಲದ ಬಾಯಿಯನ್ನು ಕೊಳವೆ ಮಾಡಿ ಹುತ್ತದೊಳಗಿನ ಗೆದ್ದಲನ್ನು ಸದ್ದು ಮಾಡುತ್ತ ಹೀರುವ, ಮರಿಗಳನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುವ ಆ ಅದ್ಭುತ ಪ್ರಾಣಿಯನ್ನು ಅವರು ನೋಡಲೇ ಇಲ್ಲ. ಸಿಹಿ ನೆಕ್ಕುವ ಒಂದು ಕಪ್ಪು ಆಕೃತಿಯನ್ನು ನೋಡಿ ಬಸ್ಸು ಹತ್ತಿದರು.

ಈಗ ಆ ಹುಡುಗ 1991ರಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ನಮ್ಮ ನೆಲದ ತೋಳ ಇಪ್ಪತ್ತು ಕಿಲೋ ಆಸುಪಾಸಿನ ತೆಳುಮೈಯ ಪ್ರಾಣಿ. ಮೊಲ, ಕೃಷ್ಣಮೃಗ, ಕುರಿ, ಮೇಕೆ ಅದರ ಆಹಾರ. ನಮ್ಮ ಕರಡಿಗೆ ಗೆದ್ದಲು, ಇರುವೆ, ಜೇನು, ಬೋರೆ, ಕಾರೆ, ಸೀತಾಫಲ. ಗ್ರಿಜ್ಲಿಯ ಹಾಗೆ ತೋಳದ ಬೇಟೆಯನ್ನು ಕಸಿಯುವುದು ಅದರ ಜೀವನೋಪಾಯವಲ್ಲ. ಲಮಾರ್ ಕಣಿವೆಯಲ್ಲಿ ಎರಡನ್ನೂ ಒಂದೆಡೆ ತಂದದ್ದು ಒಂದು ಹೆಣ. ಕೊಪ್ಪಳದ ಗುಡ್ಡದಲ್ಲಿ ಆ ಹೆಣವೇ ಇಲ್ಲ. ಆದ್ದರಿಂದ ಅವು ನೋಡಿದವು, ಹೊರಟುಹೋದವು. 'ಅದರ ಹೊಟ್ಟಿ ಬ್ಯಾರೆ, ಇದರ ಹೊಟ್ಟಿ ಬ್ಯಾರೆ.' ಯೆಲ್ಲೋಸ್ಟೋನಿನಲ್ಲಿ ಕಾದಾಟಕ್ಕೂ ಫಿನ್ಲೆಂಡಿನಲ್ಲಿ ಸಹಭೋಜನಕ್ಕೂ ನಮ್ಮಲ್ಲಿ ನಿರ್ಲಿಪ್ತತೆಗೂ ಇರುವ ಒಂದೇ ಕೀಲಿ ಹೊಟ್ಟೆ. ದ್ವೇಷವನ್ನೂ ಸ್ನೇಹವನ್ನೂ ತರದೆ ಮೂರನ್ನೂ ವಿವರಿಸುವ ಸೂತ್ರವದು. ಹದಿನೈದು ವರ್ಷದ ಹುಡುಗ ಅದನ್ನು ಆರು ಪದಗಳಲ್ಲಿ ಹೇಳಿದ್ದ. ನಾನು ನಗೆಯಾಡಿದ್ದೆ.

ಈ ಮಾತು ಕೇವಲ ನನ್ನ ಪಶ್ಚಾತ್ತಾಪದ ಸಂಗತಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಇತ್ತೀಚೆಗೆ ತೋಳಗಳಿಗಾಗಿಯೇ ಒಂದು ಧಾಮ ರೂಪುಗೊಂಡಿದೆ; ವಿಸ್ತಾರ 332 ಹೆಕ್ಟೇರ್. ಸಂತೋಷದ ಸುದ್ದಿ. ಇನ್ನು ಮುಂದೆ ಅಲ್ಲಿಗೂ ಕ್ಯಾಮೆರಾಗಳು ಬರುತ್ತವೆ, ನಾವೂ ನಮ್ಮ ಮೊಮ್ಮಕ್ಕಳೂ ಬರುತ್ತೇವೆ. 'ಇಷ್ಟು ದೂರ ಬಂದೆವು, ಏನೂ ಕಾಣಲಿಲ್ಲ' ಎಂಬ ದೂರೂ ಬರುತ್ತದೆ. ಆ ದೂರನ್ನು ನೀಗಿಸಲು ಯಾರಾದರೂ ಒಂದು ದಿನ ಮಾಂಸದ ತುಂಡನ್ನು ತಂದು ಬಯಲಿನಲ್ಲಿ ಇಡುವ ಮೊದಲೇ ನನ್ನ ಆಕ್ಷೇಪ ದಾಖಲಾಗಲಿ ಎಂದು ಬರೆಯುತ್ತಿದ್ದೇನೆ. ತೋಳ ಕಾಣದಿದ್ದರೆ ಹೆಜ್ಜೆಗುರುತು ನೋಡೋಣ. ಹೆಜ್ಜೆಗುರುತೂ ಇಲ್ಲದಿದ್ದರೆ ಆ ಕುರುಚಲನ್ನು ನೋಡೋಣ. ತೋಳ ಬದುಕುವುದು ಅದರಿಂದ. ತನ್ನ ಮರಿಯನ್ನು ತೋಳಕ್ಕೆ ಕಳೆದುಕೊಂಡೂ ಮರುದಿನ ಅದೇ ಬಯಲಿಗೆ ಮಂದೆಯನ್ನು ಹೊಡೆದುಕೊಂಡು ಹೋಗುವ ಕುರಿಗಾಹಿಯನ್ನು ಕೇಳೋಣ. ಅವನಿಗೆ ತೋಳ ಮಿತ್ರನೂ ಅಲ್ಲ, ರಾಕ್ಷಸನೂ ಅಲ್ಲ. ಹೊಟ್ಟೆಯಿರುವ ಒಂದು ಪ್ರಾಣಿ. ತೋಳ ನಮ್ಮ ನಾಡಿನಲ್ಲಿ ಇಂದಿಗೂ ಉಳಿದಿದ್ದರೆ ಅದು ಅವನ ಆ ತಿಳಿವಳಿಕೆಯಿಂದಲೇ ಹೊರತು ನಮ್ಮ ಒಕ್ಕಣೆಗಳಿಂದಲ್ಲ.

ನನ್ನ ಸೋದರಳಿಯನಿಗೂ ಆ ವಿದ್ಯಾರ್ಥಿಗೂ ನನ್ನ ಕೋರಿಕೆ ಇಷ್ಟೇ. ಇನ್ನೊಮ್ಮೆ ಇಂತಹ ಚಿತ್ರ ಬಂದಾಗ ಮುಂದಕ್ಕೆ ದಾಟಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಎಲ್ಲಿ ತೆಗೆದದ್ದು? ಇದಕ್ಕೆ ಮೊದಲು ಮತ್ತು ಆಮೇಲೆ ಏನು ನಡೆಯಿತು? ಮಾಂಸವಿಟ್ಟವರು ಯಾರು? ಮೂರನೆಯ ಪ್ರಶ್ನೆ ನನ್ನದಲ್ಲ. ಅದನ್ನು ಕೇಳಿದವನು ಈ ಪುಟಗಳನ್ನು ಆಗಾಗ ಓದುತ್ತಾನೆಂದು ಕೇಳಿದ್ದೇನೆ.

ಅಪ್ಪಾ, ಅಂದು ನಿನಗೆ ಕುಳಿತುಕೋ ಎಂದೆನಲ್ಲ, ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಎದ್ದು ನಿಂತು ಪೂರ್ತಿ ಹೇಳು. ಆ ಕಾಲುದಾರಿಯಲ್ಲಿ ಯಾವುದು ಮೊದಲು ಬದಿಗೆ ಸರಿಯಿತು? ಹೊತ್ತು ಎಷ್ಟಾಗಿತ್ತು? ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಬರೆದುಕೊಳ್ಳಲು ಪುಸ್ತಕ ತೆರೆದಿಟ್ಟು ಕುಳಿತಿದ್ದೇನೆ.

ಇಂತು ನಿಮ್ಮ ಮೇಷ್ಟ್ರು